ತಿಮಿಂಗಿಲ ನೋಡಲು ಹೊರಡುವ ಮುನ್ನ ಹೆರಿಂಗ್ ಮೀನಿನ ಜಾಡು ಕೇಳಿ

ಪ್ರಶ್ನೆ: ನನಗೆ 58, ನಮ್ಮ ಯಜಮಾನರಿಗೆ 64. ಮಗಳು ಸ್ವೀಡನ್ನಿನಲ್ಲಿದ್ದಾಳೆ. ಈ ಸಲ ಡಿಸೆಂಬರ್ ಕೊನೆಯ ವಾರ ಮೂವರೂ ನಾರ್ವೆಯ ಟ್ರೋಮ್ಸೊಗೆ ಹೋಗಿ, ಹನ್ನೆರಡೇ ಜನ ಕೂರುವ ಸಣ್ಣ ದೋಣಿಯಲ್ಲಿ ತಿಮಿಂಗಿಲ ನೋಡಿ ಬರೋಣ ಅಂತ ಅವಳ ಒತ್ತಾಯ. ಅದಕ್ಕೆ ಒಂದು ದಿನ ಇಟ್ಟುಕೊಂಡಿದ್ದೇವೆ. ಸೂಟ್ ಹಾಕಿಕೊಂಡು ನೀರಿಗೂ ಇಳಿಯಬಹುದಂತೆ. ಯಜಮಾನರಿಗೆ ಮೊಣಕಾಲು ನೋವು. ನನಗೆ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಬರುತ್ತದೆ. ಅಷ್ಟು ದುಡ್ಡು ಹಾಕಿ ಹೋದರೆ ನಿಜಕ್ಕೂ ಕಾಣಸಿಗುತ್ತವೆಯೇ? ನಾವು ಹತ್ತಿರ ಹೋಗುವುದರಿಂದ ಆ ಜೀವಿಗಳಿಗೆ ತೊಂದರೆಯಾಗುವುದಿಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ. ಆದರೆ ತಿಂಗಳು ಬದಲಿಸಿ, ಉಳಿಯುವ ಊರು ಬದಲಿಸಿ, ಒಂದು ದಿನವನ್ನು ಮೂರು ಮಾಡಿ. ಹನ್ನೆರಡು ಜನರ ಆ ದೋಣಿ ರಬ್ಬರಿನದಾದರೆ ಯಜಮಾನರನ್ನು ಅದಕ್ಕೆ ಹತ್ತಿಸಬೇಡಿ. ನೀರಿಗಿಳಿಯುವ ಮಾತನ್ನು ಮಗಳ ಜೊತೆ ಕೂತು ಇನ್ನೊಮ್ಮೆ ಯೋಚಿಸಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ನಾನು ಹೊನ್ನಾವರದ ಕಡೆಯವನು, ಕಡಲ ಜೀವಿಗಳನ್ನು ಓದಿದವನು. ಏಳು ಚಳಿಗಾಲ ಉತ್ತರ ನಾರ್ವೆಯ ಈ ದೋಣಿಗಳಲ್ಲಿ ಮಾರ್ಗದರ್ಶಿಯಾಗಿ ಕೆಲಸ ಮಾಡಿದ್ದೇನೆ. ನೀವು ಕೇಳಿದ ಕೊನೆಯ ಪ್ರಶ್ನೆಯನ್ನು ದೋಣಿ ಹತ್ತುವವರಲ್ಲಿ ಕೇಳುವವರು ಕಡಿಮೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾದರೂ ಓದಿ.

ಮೊದಲು ಮೀನಿನ ವಿಷಯ. ಅಲ್ಲಿಗೆ ತಿಮಿಂಗಿಲಗಳು ಬರುವುದು ಹೆರಿಂಗ್ ಎಂಬ ಮೀನಿಗಾಗಿ. ನಮ್ಮ ತಾರ್ಲೆಗೆ, ಮಂಗಳೂರು ಕಡೆಯವರು ಬೂತಾಯಿ ಅನ್ನುತ್ತಾರಲ್ಲ ಅದಕ್ಕೆ, ಹೆರಿಂಗ್ ದೂರದ ನೆಂಟ. ಅದೇ ಬೆಳ್ಳಿ ಮೈ, ಅದೇ ಗುಂಪು ಕಟ್ಟುವ ಸ್ವಭಾವ, ಆದರೆ ಗಾತ್ರದಲ್ಲಿ ದೊಡ್ಡದು. ಬೇಸಿಗೆಯಿಡೀ ನಾರ್ವೆ ಸಮುದ್ರದ ತೆರೆದ ನೀರಿನಲ್ಲಿ ಮೇದು ಕೊಬ್ಬಿದ ಈ ಮೀನು, ಶರತ್ಕಾಲ ಮುಗಿಯುವಾಗ ಕರಾವಳಿಗೆ ಬಂದು ಫಿಯೋರ್ಡುಗಳೊಳಗೆ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಆಳವಾದ ಕಡಲ ತೋಳುಗಳೊಳಗೆ, ಸೇರಿಕೊಳ್ಳುತ್ತದೆ. ಅಲ್ಲಿ ಚಳಿಗಾಲದಲ್ಲಿ ಅದು ಹೆಚ್ಚುಕಡಿಮೆ ಉಪವಾಸ. ಮೈಯಲ್ಲಿರುವ ಕೊಬ್ಬನ್ನೇ ಕರಗಿಸುತ್ತ, ಹಗಲಲ್ಲಿ ಆಳಕ್ಕಿಳಿದು, ರಾತ್ರಿ ಮೇಲೇರಿ, ಕಾಲ ತಳ್ಳುತ್ತದೆ. ಜನವರಿ ಬರುತ್ತಿದ್ದಂತೆ ಮೊಟ್ಟೆಯಿಡಲು ದಕ್ಷಿಣದಲ್ಲಿರುವ ಮೋರೆ ಎಂಬ ಕರಾವಳಿಯತ್ತ ಹೊರಡುತ್ತದೆ. ಮೀನು ಹೊರಟ ಮೇಲೆ ಅದನ್ನು ಬೇಟೆಯಾಡುವ ಕಪ್ಪುಬಿಳಿ ಮೈಯ ಓರ್ಕಾ ತಿಮಿಂಗಿಲಗಳೂ ಅಲ್ಲಿ ನಿಲ್ಲುವುದಿಲ್ಲ. ತಿಮಿಂಗಿಲದ ಋತು ಅಕ್ಟೋಬರ್ ಕೊನೆಗೆ ತೆರೆದು ಜನವರಿಯಲ್ಲಿ ಮುಚ್ಚುವುದು ಇದೇ ಕಾರಣಕ್ಕೆ.

ಈ ಮೀನು ಯಾವ ಫಿಯೋರ್ಡಿಗೆ ಬರುತ್ತದೆ ಎಂಬುದು ಮಾತ್ರ ಶಾಶ್ವತವಲ್ಲ. 1960ರ ದಶಕದ ಕೊನೆಗೆ ಅತಿಯಾಗಿ ಹಿಡಿದು ಈ ಹೆರಿಂಗ್ ಸಂತತಿಯೇ ಕುಸಿದು ಹೋಗಿತ್ತು. ಚೇತರಿಸಿಕೊಂಡ ಮೇಲೆ, 1980ರ ದಶಕದ ಕೊನೆಯಿಂದ ಸುಮಾರು ಒಂದೂವರೆ ದಶಕ ಅದು ಚಳಿಗಾಲ ಕಳೆದದ್ದು ಟಿಸ್‌ಫಿಯೋರ್ಡ್, ಓಫೋಟ್‌ಫಿಯೋರ್ಡ್, ವೆಸ್ಟ್‌ಫಿಯೋರ್ಡ್‌ಗಳಲ್ಲಿ. ಆಗ ಓರ್ಕಾ ನೋಡುವವರು ಟಿಸ್‌ಫಿಯೋರ್ಡಿಗೆ ಹೋಗುತ್ತಿದ್ದರು. ಆಮೇಲೆ ಮೀನು ಅಲ್ಲಿಗೆ ಬರುವುದನ್ನು ಬಿಟ್ಟು ತೆರೆದ ಸಮುದ್ರದಲ್ಲೇ ಉಳಿಯಿತು. ಆ ಊರಿನ ದೋಣಿಗಳಿಗೆ ಕೆಲಸವಿಲ್ಲದಂತಾಯಿತು. 2012ರ ಸುಮಾರಿಗೆ ಟ್ರೋಮ್ಸೊ ಪಕ್ಕದ ಕ್ವಾಲೋಯ ದ್ವೀಪದ ಫಿಯೋರ್ಡುಗಳಲ್ಲಿ ಕಾಣಿಸಿಕೊಂಡಿತು. ಕೆಲವು ವರ್ಷ ಟ್ರೋಮ್ಸೊದಿಂದ ಬಸ್ಸಿನಲ್ಲಿ ಹೋಗಿ ದಡದ ಮೇಲೆ ನಿಂತೇ ಗೂನುಬೆನ್ನಿನ ತಿಮಿಂಗಿಲವಾದ ಹಂಪ್‌ಬ್ಯಾಕ್ ನೋಡಬಹುದಿತ್ತು. 2017ರ ಚಳಿಗಾಲದಿಂದ ಅದು ಇನ್ನೂ ಈಶಾನ್ಯಕ್ಕೆ, ಶೆರ್ವೋಯ್ ಎಂಬ ದ್ವೀಪದೂರಿನ ಪಕ್ಕದ ಕ್ವೆನಾಂಗೆನ್ ಫಿಯೋರ್ಡಿನತ್ತ ಸರಿಯಿತು. ಎಳೆಯ ಮೀನುಗಳ ಒಂದು ದೊಡ್ಡ ತಲೆಮಾರು ಹಳಬರಿಂದ ದಾರಿ ಕಲಿಯದೆ ತನ್ನದೇ ಠಾವು ಹುಡುಕಿಕೊಂಡಾಗ ಹೀಗಾಗುತ್ತದೆ ಎಂಬುದು ಮೀನು ವಿಜ್ಞಾನಿಗಳ ಒಂದು ವಿವರಣೆ. ಒಂದು ವರ್ಷ ಬೂತಾಯಿ ದಂಡಿಯಾಗಿ ಬಂದು ಇನ್ನೊಂದು ವರ್ಷ ಬಲೆ ಖಾಲಿ ಬರುವುದನ್ನು ಕಂಡ ನಮ್ಮ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದಮೇಲೆ ಟ್ರೋಮ್ಸೊದಲ್ಲಿ ತಿಮಿಂಗಿಲ ಎಂದು ಬರೆದ ಜಾಹೀರಾತುಗಳಲ್ಲಿ ಬಹುಪಾಲು ನಿಮ್ಮನ್ನು ಕೊಂಡೊಯ್ಯುವುದು ಶೆರ್ವೋಯ್ ನೀರಿಗೇ. ಟ್ರೋಮ್ಸೊದಿಂದ ದೋಣಿಯಲ್ಲೇ ಹೋದರೆ ಒಂದು ಕಡೆಗೆ ಮೂರು ಗಂಟೆ ಮೇಲೆಯೇ ಬೇಕು, ವಾಪಸು ಬರಲೂ ಅಷ್ಟೇ. ಒಟ್ಟು ಎಂಟು ಗಂಟೆಯ ದಿನದಲ್ಲಿ ತಿಮಿಂಗಿಲದ ಎದುರು ಕಳೆಯುವುದು ಒಂದೂವರೆಯಿಂದ ಎರಡು ಗಂಟೆ. ನಿಮಗೆ ವಾಂತಿಯ ತೊಂದರೆ ಬೇರೆ. ದ್ವೀಪಗಳ ಮರೆ ತಪ್ಪಿದ ಕಡೆ ಅಲೆ ಏಳುವುದು ಆ ದಾರಿಯಲ್ಲೇ. ಶೆರ್ವೋಯ್‌ನಲ್ಲೇ ಉಳಿದರೆ ಬಂದರು ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಜಾಗ ಮುಟ್ಟಿರುತ್ತೀರಿ. ಕ್ವೆನಾಂಗೆನ್ ಸುತ್ತ ಬೆಟ್ಟದ ಮರೆಯಿರುವುದರಿಂದ ನೀರೂ ಶಾಂತ. ಟ್ರೋಮ್ಸೊದಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 230 ಕಿಲೋಮೀಟರ್, ನಾಲ್ಕು ಗಂಟೆಯ ದಾರಿ. ಚಳಿಗಾಲದಲ್ಲಿ ನೀವೇ ಕಾರು ಓಡಿಸುವ ಸಾಹಸ ಬೇಡ. ಮಂಜುಗಡ್ಡೆ ಕಟ್ಟಿದ ಕಪ್ಪು ರಸ್ತೆ ನಮ್ಮ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಕರಾವಳಿಯುದ್ದಕ್ಕೂ ದಿನವೂ ಓಡುವ ದೊಡ್ಡ ಹಡಗು ಸಂಜೆ ಟ್ರೋಮ್ಸೊ ಬಿಟ್ಟು ಅದೇ ರಾತ್ರಿ ಶೆರ್ವೋಯ್ ಮುಟ್ಟುತ್ತದೆ. ನಿಮ್ಮಂಥವರಿಗೆ ನಾನು ಹೇಳುವುದು ಅದನ್ನೇ.

ಈಗ ತಿಂಗಳು. ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯ ವಾರದಿಂದ ಜನವರಿ ನಡುವಿನವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಶೆರ್ವೋಯ್ ಇನ್ನೂ ಉತ್ತರಕ್ಕಿದೆ, 70 ಡಿಗ್ರಿ ಅಕ್ಷಾಂಶದ ಮೇಲೆ. ಡಿಸೆಂಬರ್ ಕೊನೆಯ ವಾರ ನೀವು ಹೋದರೆ ಸಿಗುವುದು ನಡುಹಗಲಿನ ಎರಡು ಮೂರು ಗಂಟೆಯ ನೀಲಿ ಮಬ್ಬು. ಅದರ ಚೆಲುವೇ ಬೇರೆ, ನಾನು ಅಲ್ಲಗಳೆಯುವುದಿಲ್ಲ. ಹಿಮದ ಬೆಟ್ಟ, ನೀರು, ಆಕಾಶ ಮೂರೂ ಒಂದೇ ಶಾಯಿಯಲ್ಲಿ ಅದ್ದಿದಂತಿರುತ್ತವೆ. ಆದರೆ ಕಪ್ಪು ನೀರಿನಲ್ಲಿ ಕಪ್ಪು ಬೆನ್ನನ್ನು ಹುಡುಕುವುದು ಹೊಸ ಕಣ್ಣಿಗೆ ಕಷ್ಟ. ಕ್ರಿಸ್‌ಮಸ್ಸಿನ ಎರಡು ಮೂರು ದಿನ ಅಂಗಡಿ, ಬಸ್ಸು, ದೋಣಿ ಎಲ್ಲವೂ ಅರ್ಧ ನಿಂತಿರುತ್ತವೆ. ನವೆಂಬರ್ 8ರಿಂದ 22ರೊಳಗೆ ಹೋಗಿ. ಆ ತಿಂಗಳ ನಡುವಿನಲ್ಲಿ ಸುಮಾರು ನಾಲ್ಕು ಗಂಟೆ ಸೂರ್ಯನಿರುತ್ತಾನೆ. ಎಷ್ಟು ತಗ್ಗಿನಲ್ಲಿ ಅಂದರೆ ಹಗಲಿಡೀ ಸಂಜೆಯಂತೆ. ತಿಮಿಂಗಿಲ ಬಿಟ್ಟ ಉಸಿರು ಆ ಓರೆ ಬೆಳಕಿನಲ್ಲಿ ಚಿನ್ನದ ಹೊಗೆಯಾಗಿ ನಿಲ್ಲುವುದನ್ನು ನೀವು ಒಮ್ಮೆ ನೋಡಬೇಕು. ಮಗಳ ರಜೆ ಡಿಸೆಂಬರಿನಲ್ಲೇ ಅನ್ನುವುದಾದರೆ ತಿಂಗಳ ಮೊದಲ ವಾರವಾದರೂ ಆಗಲಿ.

ಕಾಣಸಿಗುತ್ತವೆಯೇ ಎಂದು ಕೇಳಿದ್ದೀರಿ. ಮೀನು ಫಿಯೋರ್ಡಿನೊಳಗೆ ಇದ್ದರೆ ಹೆಚ್ಚಿನ ದಿನಗಳಲ್ಲಿ ಕಾಣುತ್ತವೆ. ಯಾರಾದರೂ ನೂರಕ್ಕೆ ನೂರು ಅಂದರೆ ನಂಬಬೇಡಿ. ಗಾಳಿ ಎದ್ದರೆ ದೋಣಿಯೇ ಹೊರಡುವುದಿಲ್ಲ. ನಾನಿದ್ದ ಒಂದು ನವೆಂಬರಿನಲ್ಲಿ ಸತತ ನಾಲ್ಕು ದಿನ ಬಂದರಿನಲ್ಲೇ ಕೂತಿದ್ದೆವು. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ ಆ ನಾಲ್ಕರಲ್ಲಿ ಒಂದೇ ದಿನವನ್ನು ನೆಚ್ಚಿಕೊಂಡಿತ್ತು. ಅವರು ಏನೂ ಕಾಣದೆ ವಿಮಾನ ಹತ್ತಿದ್ದು ನನಗೆ ಇವತ್ತಿಗೂ ಬೇಸರ. ಅದಕ್ಕೇ ಮೂರು ದಿನ ಅಂದೆ. ಎರಡು ಪಯಣ ಕಾಯ್ದಿರಿಸಿ. ಮೊದಲನೆಯದು ರದ್ದಾದರೆ ಎರಡನೆಯದು ಇರುತ್ತದೆ. ಎರಡೂ ನಡೆದರೆ ಎರಡು ದಿನ ಬೇರೆ ಬೇರೆ ದೃಶ್ಯ. ಹವಾಮಾನಕ್ಕೆ ಅವರೇ ರದ್ದು ಮಾಡಿದರೆ ಹಣ ಪೂರ್ತಿ ವಾಪಸೋ, ಹೋಗಿಯೂ ತಿಮಿಂಗಿಲ ಕಾಣದಿದ್ದರೆ ಏನು ಮಾಡುತ್ತೀರಿ ಎಂದು ಮುಂಚೆಯೇ ಬರಹದಲ್ಲಿ ಕೇಳಿ ಪಡೆಯಿರಿ.

ಅಲ್ಲಿ ನೋಡಸಿಗುವುದು ಏನು? ಮುಖ್ಯವಾಗಿ ಎರಡು ಜೀವಿಗಳು. ಓರ್ಕಾ ಹೆಸರಿಗೆ ತಿಮಿಂಗಿಲ, ಕುಲದಿಂದ ಡಾಲ್ಫಿನ್. ಬಲಿತ ಗಂಡಿನ ಬೆನ್ನಿನ ಈಜುರೆಕ್ಕೆ ಒಬ್ಬ ಆಳಿನ ಎತ್ತರಕ್ಕೆ, 1.8 ಮೀಟರ್‌ವರೆಗೆ, ನೀರಿನಿಂದ ನೆಟ್ಟಗೆ ಏಳುತ್ತದೆ. ಓರ್ಕಾಗಳದು ತಾಯಿಯ ಸುತ್ತ ಕಟ್ಟಿದ ಕುಟುಂಬ. ಬೆಳೆದ ಗಂಡುಮಕ್ಕಳೂ ತಾಯಿಯ ಬಳಿಯೇ ಉಳಿಯುತ್ತಾರೆ. ಇನ್ನೊಂದು ಹಂಪ್‌ಬ್ಯಾಕ್, ಗೂನುಬೆನ್ನಿನ ತಿಮಿಂಗಿಲ: 12ರಿಂದ 16 ಮೀಟರ್ ಉದ್ದ, 30 ಟನ್ ಆಸುಪಾಸು ತೂಕ. ಅದೃಷ್ಟವಿದ್ದರೆ ಇನ್ನೂ ಉದ್ದನೆಯ ಫಿನ್ ತಿಮಿಂಗಿಲವೂ ಸಿಗುತ್ತದೆ.

ಓರ್ಕಾಗಳು ಹೆರಿಂಗ್ ಹಿಡಿಯುವ ಬಗೆಯನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ನಮ್ಮ ಹಿರಿಯರು ಹೇಳುತ್ತಿದ್ದ ರಂಪಣಿ. ದಡದುದ್ದಕ್ಕೂ ಬಲೆ ಸುತ್ತಿ, ಊರಿಗೆ ಊರೇ ನಿಂತು ಎಳೆಯುತ್ತಿದ್ದರಲ್ಲ, ಹಾಗೆಯೇ ಇವೂ ಹಲವು ಸೇರಿ ಮೀನಿನ ಗುಂಪಿನಿಂದ ಒಂದು ತುಂಡನ್ನು ಬೇರ್ಪಡಿಸಿ, ಸುತ್ತಲೂ ಗಿರಕಿ ಹೊಡೆಯುತ್ತ, ಕೆಳಗಿನಿಂದ ಗುಳ್ಳೆ ಬಿಡುತ್ತ, ಬಿಳಿ ಹೊಟ್ಟೆಯನ್ನು ಮೀನಿನ ಕಣ್ಣಿಗೆ ತೋರಿಸಿ ಹೆದರಿಸುತ್ತ ಮೇಲ್ಮೈಗೆ ತರುತ್ತವೆ. ಬಲೆಯ ಕೆಲಸವನ್ನು ಮೈಯೇ ಮಾಡುತ್ತದೆ. ಮೀನು ಬಿಗಿಯಾದ ಉಂಡೆಯಾದ ಮೇಲೆ ಒಂದು ಓರ್ಕಾ ಬಾಲದಿಂದ ಆ ಉಂಡೆಗೆ ಹೊಡೆಯುತ್ತದೆ. ಪೆಟ್ಟಿಗೆ ಕೆಲವು ಮೀನು ಮಂಪರು ಬಿದ್ದು ತೇಲುತ್ತವೆ. ಅವನ್ನು ಒಂದೊಂದಾಗಿ, ಅವಸರವಿಲ್ಲದೆ, ತಲೆ ತೆಗೆದು ಮಿಕ್ಕಿದ್ದು ತಿನ್ನುವುದನ್ನೂ ನೋಡಿದ್ದೇನೆ. ಅಷ್ಟರಲ್ಲಿ ಮೇಲೆ ಕಡಲಕಾಗೆಗಳ ಗದ್ದಲ ಶುರುವಾಗಿರುತ್ತದೆ; ಎಲ್ಲಿಂದಲೋ ಬಿಳಿಬಾಲದ ಹದ್ದು ಎರಗುತ್ತದೆ. ಹಲವು ಸಲ ಆ ಗಲಾಟೆಗೆ ಹಂಪ್‌ಬ್ಯಾಕ್ ಬಂದು, ಓರ್ಕಾಗಳು ಅಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ ಉಂಡೆಯನ್ನು ಕೆಳಗಿನಿಂದ ಬಾಯ್ತೆರೆದು ಒಂದೇ ತುತ್ತಿಗೆ ನುಂಗಿಬಿಡುತ್ತದೆ.

ಇಲ್ಲಿಂದ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಈ ಬೇಟೆಗೆ ಹೊತ್ತು ಬೇಕು. ನಡುವೆ ಒಂದು ದೋಣಿ ನುಗ್ಗಿದರೆ ಉಂಡೆ ಒಡೆಯುತ್ತದೆ, ಮೀನು ಆಳಕ್ಕೆ ಇಳಿಯುತ್ತದೆ, ಓರ್ಕಾಗಳ ದುಡಿಮೆ ನೀರುಪಾಲು. ಅವು ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೊತ್ತು ಅದು. ಇವೆಲ್ಲ ಕಿವಿಯಿಂದ ಬದುಕುವ ಜೀವಿಗಳೂ ಹೌದು. ನೀರಿನಡಿಯಲ್ಲಿ ಎಂಜಿನ್ನಿನ ಸದ್ದು ನಾವು ಎಣಿಸುವುದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಸಣ್ಣ ಗುಂಪಿನಲ್ಲಿ ಹೋದರೆ ತೊಂದರೆಯೂ ಸಣ್ಣದು ಎಂದು ನೀವು ಅಂದುಕೊಂಡಿರಬಹುದು. ಮೊದಲ ಎರಡು ವರ್ಷ ನಾನೂ ಹಾಗೇ ನಂಬಿದ್ದೆ. ನೂರು ಜನರನ್ನು ಹೊತ್ತ ಒಂದು ಹಡಗು ದೂರದಲ್ಲಿ ಎಂಜಿನ್ ತಗ್ಗಿಸಿ ನಿಂತರೆ ಅದು ಒಂದೇ ಸದ್ದು, ಒಂದೇ ದಿಕ್ಕು. ಹನ್ನೆರಡು ಹನ್ನೆರಡು ಜನರ ಎಂಟು ದೋಣಿಗಳು ಎಂಟು ದಿಕ್ಕಿನಿಂದ ಒಂದೇ ಓರ್ಕಾ ಕುಟುಂಬವನ್ನು ಮುತ್ತಿಕೊಂಡರೆ ಆ ಕುಟುಂಬಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ.

ಅಂಥ ಒಂದು ದಿನವನ್ನು ನಾನು ಮರೆತಿಲ್ಲ. ಕ್ವೆನಾಂಗೆನ್‌ನ ಒಂದು ಕೊಲ್ಲಿಯಲ್ಲಿ ಆರೇಳು ಓರ್ಕಾಗಳು ಮೀನು ಕಟ್ಟುತ್ತಿದ್ದವು, ಜೊತೆಗೊಂದು ಮರಿ. ನಾವು ಹೋದಾಗ ಆಗಲೇ ನಾಲ್ಕು ದೋಣಿ ಇದ್ದವು, ನೋಡುತ್ತಿದ್ದಂತೆ ಒಂಬತ್ತಾದವು. ನಮ್ಮ ದೋಣಿ ನಡೆಸುತ್ತಿದ್ದಾತ, ಗಿರಾಕಿಗಳಿಗೆ ಫೋಟೋ ಸಿಗಲೆಂದು, ಅವು ಹೋಗುವ ದಾರಿಗೆ ಅಡ್ಡವಾಗಿ ಮುಂದೆ ಹೋಗಿ ನಿಂತ. ಅವು ದಿಕ್ಕು ಬದಲಿಸಿದವು. ಆತ ಮತ್ತೆ ಮುಂದೆ ಹೋದ. ಮೂರನೆಯ ಸಲ ಅವು ಮುಳುಗಿದವು, ಎದ್ದದ್ದು ಕಣ್ಣಿಗೆಟುಕದ ದೂರದಲ್ಲಿ. ದೋಣಿಯಲ್ಲಿದ್ದವರಿಗೆ ಒಳ್ಳೆಯ ಫೋಟೋಗಳು ಸಿಕ್ಕಿದ್ದವು, ಖುಷಿಯಾಗಿದ್ದರು. ನಾನು ಮಾರ್ಗದರ್ಶಿಯಾಗಿದ್ದೂ ಅಲ್ಲಿ ಬಾಯಿ ಬಿಡಲಿಲ್ಲ. ಅದು ತಪ್ಪು. ಆ ಋತು ಮುಗಿದ ಮೇಲೆ ಆ ಕಂಪನಿ ಬಿಟ್ಟೆ.

ಮುಂದಿನ ವರ್ಷ ಬೇರೆ ದೋಣಿ. ಅದನ್ನು ನಡೆಸುತ್ತಿದ್ದ ಹೆಂಗಸು ಮೀನುಗಾರರ ಮನೆಯವರು. ದೂರದಲ್ಲಿ ಉಸಿರಿನ ಕಾರಂಜಿ ಕಂಡ ಕೂಡಲೇ ವೇಗ ತಗ್ಗಿಸುವರು. ಅವು ಹೋಗುವ ದಿಕ್ಕಿಗೆ ಸಮಾನಾಂತರವಾಗಿ, ಪಕ್ಕದಿಂದ, ಮೆಲ್ಲನೆ ಸಾಗುವರು. ಹಿಂದಿನಿಂದ ಅಟ್ಟುವುದಿಲ್ಲ, ಮುಂದೆ ಹೋಗಿ ಅಡ್ಡಗಟ್ಟುವುದಿಲ್ಲ. ಈಗಾಗಲೇ ಎರಡು ಮೂರು ದೋಣಿ ಇದ್ದರೆ ನಾವು ಬೇರೆ ಕಡೆ ಹುಡುಕೋಣ ಎಂದು ತಿರುಗಿಸಿಬಿಡುವರು. ಒಮ್ಮೆ ಹಾಗೆ ತಿರುಗಿ, ಖಾಲಿ ಫಿಯೋರ್ಡಿನಲ್ಲಿ ಎಂಜಿನ್ ನಿಲ್ಲಿಸಿ ನಲವತ್ತು ನಿಮಿಷ ಸುಮ್ಮನೆ ತೇಲಿದೆವು. ಯಾರೂ ಮಾತಾಡಲಿಲ್ಲ. ನೀರಿಗೆ ಇಳಿಬಿಟ್ಟ ಹೈಡ್ರೋಫೋನಿನಲ್ಲಿ, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕಿನಲ್ಲಿ, ಓರ್ಕಾಗಳ ಸಿಳ್ಳೆ ಮೊದಲು ಸಣ್ಣಗೆ ಕೇಳಿಸಿತು, ಆಮೇಲೆ ಸ್ಪಷ್ಟವಾಗಿ. ಕೊನೆಗೆ ಒಂದು ಹಂಪ್‌ಬ್ಯಾಕ್ ತಾನಾಗಿ ನಮ್ಮ ಪಕ್ಕದಲ್ಲೇ ಎದ್ದು ಉಸಿರು ಬಿಟ್ಟಿತು. ಹಳಸಿದ ಮೀನಿನ ವಾಸನೆಯ ಆ ಹನಿಗಳು ನಮ್ಮ ಮುಖದ ಮೇಲೆ ಬಿದ್ದವು. ದೋಣಿಯಲ್ಲಿದ್ದ ವಯಸ್ಸಾದ ಒಬ್ಬರು ಅಳುತ್ತಿದ್ದರು.

ಹತ್ತು ಹನ್ನೆರಡು ಜನರ ಗುಂಪಿನ ನಿಜವಾದ ಬೆಲೆ ಇದರಲ್ಲಿದೆ. ಹನ್ನೆರಡು ಜನರನ್ನು ಕಾಯಲು ಒಪ್ಪಿಸಬಹುದು, ಎಂಜಿನ್ ನಿಲ್ಲಿಸಿ ಸುಮ್ಮನಿರಿಸಬಹುದು, ಇವತ್ತು ಇಲ್ಲಿ ಬೇಡ ಎಂದು ವಾಪಸು ತಿರುಗಿಸಬಹುದು. ನೂರು ಜನರ ಹಡಗಿನಲ್ಲಿ ಅದು ಕಷ್ಟ. ಆದರೆ ಆ ತಾಳ್ಮೆ ದೋಣಿ ನಡೆಸುವವರಲ್ಲಿ ಇರಬೇಕು. ಆದ್ದರಿಂದ ಬುಕ್ ಮಾಡುವ ಮೊದಲು ಮಗಳಿಂದ ಒಂದು ಪತ್ರ ಬರೆಸಿ. ಒಂದು ತಿಮಿಂಗಿಲ ಗುಂಪಿನ ಬಳಿ ಗರಿಷ್ಠ ಎಷ್ಟು ಹೊತ್ತು ಇರುತ್ತೀರಿ, ಆಗಲೇ ಬೇರೆ ದೋಣಿಗಳಿದ್ದರೆ ಏನು ಮಾಡುತ್ತೀರಿ, ಮರಿ ಇದ್ದರೆ ಏನು ಮಾಡುತ್ತೀರಿ, ದೋಣಿಯಲ್ಲಿ ಜೀವಶಾಸ್ತ್ರ ಬಲ್ಲವರು ಇರುತ್ತಾರೆಯೇ ಎಂದು ಕೇಳಲಿ. ಒಳ್ಳೆಯವರು ಇಂಥ ಪತ್ರಕ್ಕೆ ಸಂತೋಷದಿಂದ ಉದ್ದದ ಉತ್ತರ ಬರೆಯುತ್ತಾರೆ. 'ಅತಿ ಹತ್ತಿರ ಕರೆದೊಯ್ಯುತ್ತೇವೆ' ಎಂಬುದನ್ನೇ ದೊಡ್ಡಕ್ಷರದಲ್ಲಿ ಬರೆದುಕೊಂಡವರನ್ನು ಬಿಟ್ಟುಬಿಡಿ.

ಇನ್ನು ನೀರಿಗಿಳಿಯುವುದು. ಓರ್ಕಾ ಮನುಷ್ಯರ ಮೇಲೆ ಎರಗುತ್ತದೆಂಬ ಹೆದರಿಕೆಯಿಂದ ನಾನು ಬೇಡ ಅನ್ನುತ್ತಿಲ್ಲ. ಇಳಿಯಬೇಕಾದರೆ ದೋಣಿ ಅವುಗಳ ದಾರಿಯ ಮುಂದೆ ಹೋಗಿ ಜನರನ್ನು ಬಿಡಬೇಕು, ಮತ್ತೆ ಹತ್ತಿಸಿಕೊಳ್ಳಬೇಕು, ಮತ್ತೆ ಮುಂದೆ ಹೋಗಬೇಕು. ಮೇಲೆ ಹೇಳಿದ ಆ ಅಡ್ಡಗಟ್ಟುವಿಕೆಯೇ ಇದರ ಕ್ರಮ. ಮೀನು ಹಿಡಿಯುವ ದೊಡ್ಡ ದೋಣಿಗಳ ಪಕ್ಕದಲ್ಲಂತೂ ಇಳಿಯುವುದು ಜೀವಕ್ಕೇ ಅಪಾಯ. ನಮ್ಮ ಮಲ್ಪೆಯ ಪರ್ಸೀನ್ ದೋಣಿಗಳಂತೆ ಸುತ್ತುಬಲೆ ಹಾಕುವ ದೊಡ್ಡ ನೌಕೆಗಳು ಅಲ್ಲಿ ಹೆರಿಂಗ್ ಹಿಡಿಯುತ್ತವೆ. ಬಲೆಯಿಂದ ಜಾರಿದ ಮೀನಿಗೆ ತಿಮಿಂಗಿಲಗಳು ಮುತ್ತುತ್ತವೆ, ಅವುಗಳ ಹಿಂದೆ ಪ್ರವಾಸಿಗರು. ಅದಕ್ಕೇ ಮೀನುಗಾರಿಕೆ ನಡೆಯುವಾಗ ಇಂತಿಷ್ಟು ದೂರ ಇರಬೇಕೆಂದು ನಾರ್ವೆಯ ಮೀನುಗಾರಿಕೆ ಇಲಾಖೆ ನಿಯಮ ಮಾಡಿದೆ. ನೀರಿಗಿಳಿಯುವವರಿಗೆ ಆ ದೂರ ಇನ್ನೂ ಹೆಚ್ಚು. ಮಗಳು ಚೆನ್ನಾಗಿ ಈಜುವವಳೇ ಇರಬಹುದು. ಆದರೂ ನಾನು ಅವಳಿಗೆ ದೋಣಿಯ ಅಂಚಿನಲ್ಲಿ ಕೂತು ನೋಡು ಎಂದೇ ಹೇಳುವೆ.

ಯಜಮಾನರ ಮೊಣಕಾಲಿನ ಬಗ್ಗೆ. ಹನ್ನೆರಡು ಜನರ ದೋಣಿ ಅಂತ ನೀವು ನೋಡಿರುವುದು ಬಹುಶಃ ರಿಬ್ ದೋಣಿ, ಗಾಳಿ ತುಂಬಿದ ರಬ್ಬರ್ ಅಂಚಿನದು. ಅದರಲ್ಲಿ ಬೈಕಿನ ಮೇಲೆ ಕೂತಂತೆ ಎರಡೂ ಕಡೆ ಕಾಲು ಹಾಕಿ ಕೂರಬೇಕು. ಅಲೆಯಿಂದ ಅಲೆಗೆ ಹಾರುವಾಗ ಪ್ರತಿ ಪೆಟ್ಟೂ ನೇರ ಮೊಣಕಾಲಿಗೆ, ಬೆನ್ನಿಗೆ. ಮಾಡು ಇಲ್ಲ, ಶೌಚಾಲಯ ಇಲ್ಲ. ಮೂರು ಗಂಟೆ ದಪ್ಪನೆಯ ತೇಲುಸೂಟಿನೊಳಗೆ. ನಿಮ್ಮ ವಯಸ್ಸಿನ ಹೆಂಗಸರಿಗೆ ಇದು ಎಷ್ಟು ಕಷ್ಟವೆಂದು ಯಾವ ಜಾಹೀರಾತೂ ಹೇಳುವುದಿಲ್ಲ. ಕೆಲವರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಂದು ದೋಣಿಯಲ್ಲಿ ತಲೆಸುತ್ತಿ ಒದ್ದಾಡಿದ್ದನ್ನು ಕಂಡಿದ್ದೇನೆ. ಅದೇ ಹನ್ನೆರಡು ಜನರಿಗೆ ಬೆಚ್ಚಗಿನ ಕೋಣೆ, ಶೌಚಾಲಯ, ಹಿಡಿದು ನಿಲ್ಲಲು ಕಟಾಂಜನ ಇರುವ ಸಣ್ಣ ಮೋಟಾರು ದೋಣಿಗಳೂ ಶೆರ್ವೋಯ್‌ನಲ್ಲಿ ಸಿಗುತ್ತವೆ. ಹಳೆಯ ಮೀನುಗಾರಿಕೆ ದೋಣಿಯನ್ನು ತಿದ್ದಿ ಮಾಡಿದವೂ ಇವೆ. ನಿಧಾನ ಹೋಗುತ್ತವೆ, ಸ್ಥಿರವಾಗಿರುತ್ತವೆ. ನಿಮಗೆ ಅಂಥದ್ದೇ ಆಗಬೇಕು. ಎಂಜಿನ್ ಬದಲು ಬ್ಯಾಟರಿಯಲ್ಲಿ ಸದ್ದಿಲ್ಲದೆ ಹತ್ತಿರ ಸಾಗುವ ದೋಣಿಗಳೂ ಈಗ ಬಂದಿವೆ. ಸಿಕ್ಕರೆ ಮೊದಲ ಆಯ್ಕೆ ಅದು.

ವಾಂತಿಗೆ ಅವೊಮಿನ್‌ನಂಥ ಮಾತ್ರೆ ದೋಣಿ ಹತ್ತಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ಬಿಪಿಗೋ ಸಕ್ಕರೆಗೋ ಬೇರೆ ಮಾತ್ರೆಗಳಿದ್ದರೆ ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ. ದೋಣಿಯ ಹಿಂಭಾಗದ ನಡುವಿನಲ್ಲಿ ನಿಂತು ದೂರದ ಬೆಟ್ಟದ ಗೆರೆ ನೋಡುತ್ತಿರಿ, ಮೊಬೈಲ್ ಪರದೆ ನೋಡಬೇಡಿ.

ಚಳಿ ನೀವು ಹೆದರಬಹುದಾದಷ್ಟು ಇಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ತಾಗಿ ಹರಿಯುವುದರಿಂದ ಫಿಯೋರ್ಡುಗಳ ನೀರು ಸಾಮಾನ್ಯವಾಗಿ ಹೆಪ್ಪುಗಟ್ಟುವುದಿಲ್ಲ. ಹೊರಗಿನ ಉಷ್ಣಾಂಶ ಸೊನ್ನೆಯ ಆಚೀಚೆ ಕೆಲವು ಡಿಗ್ರಿ. ಕೊರೆಯುವುದು ಗಾಳಿ. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಇರಲಿ. ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿ ಉಳಿದು ಮೈ ಕೊರೆಯುತ್ತದೆ. ಅದರ ಮೇಲೆ ಇನ್ನೊಂದು ಪದರ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು. ತೇಲುಸೂಟು ಬೇಕಾದರೆ ಅವರೇ ಕೊಡುತ್ತಾರೆ. ಬೂಟು ಒಂದು ಸೈಜು ದೊಡ್ಡದಿರಲಿ, ಬೆರಳು ಅಲ್ಲಾಡಿಸಲು ಬರಬೇಕು. ಊರಿನಲ್ಲಿ ನಡೆಯುವಾಗ ಬೂಟಿನಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಕೊಳ್ಳಲೇಬೇಕು. ಯಜಮಾನರ ಮೊಣಕಾಲಿಗೆ ದೋಣಿಗಿಂತ ಹೆಚ್ಚಿನ ಅಪಾಯ ಇರುವುದು ಶೆರ್ವೋಯ್‌ನ ಜಾರುವ ಕಾಲುದಾರಿಗಳಲ್ಲಿ. ಮೊಬೈಲಿನ ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿ ಮೈಗೆ ಒತ್ತಿ ಇಟ್ಟುಕೊಳ್ಳಿ.

ಊಟ: ಶೆರ್ವೋಯ್ ಮೂರು ಸಾವಿರಕ್ಕೂ ಕಡಿಮೆ ಜನರ ಊರು. ಅಡುಗೆಮನೆ ಇರುವ ಕೋಣೆ ತೆಗೆದುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ರವೆ ಒಯ್ಯಿರಿ. ಆದರೆ ತುಪ್ಪ, ಪೇಡ, ಹಾಲಿನ ಪುಡಿ ಬೇಡ. ಯುರೋಪಿನ ಆಚೆಯಿಂದ ಹಾಲಿನ, ಮಾಂಸದ ಪದಾರ್ಥ ತರುವುದನ್ನು ನಾರ್ವೆ ನಿಷೇಧಿಸಿದೆ. ದೋಣಿಯಲ್ಲಿ ಕೊಡುವ ಬಿಸಿ ಸಾರು ಹಲವು ಕಡೆ ಮೀನಿನದು. ಸಸ್ಯಾಹಾರಿ ಎಂದು ಮುಂಚೆಯೇ ಬರೆಸಿ. ಟ್ರೋಮ್ಸೊದ ಕೆಲವು ಹೋಟೆಲುಗಳಲ್ಲಿ ತಿಮಿಂಗಿಲದ ಮಾಂಸವೇ ಬಡಿಸುತ್ತಾರೆಂಬುದು ಕಂಡು ನಿಮಗೆ ಆಘಾತವಾಗಬಹುದು. ನಾರ್ವೆ ಮಿಂಕೆ ಎಂಬ ಸಣ್ಣ ಜಾತಿಯ ತಿಮಿಂಗಿಲವನ್ನು ಇಂದಿಗೂ ವ್ಯಾಪಾರಕ್ಕಾಗಿ ಬೇಟೆಯಾಡುತ್ತದೆ. ಅಂತರರಾಷ್ಟ್ರೀಯ ನಿಷೇಧಕ್ಕೆ ಆಕ್ಷೇಪ ಸಲ್ಲಿಸಿ 1993ರಲ್ಲಿ ಮತ್ತೆ ಶುರುಮಾಡಿತು. ಹಂಪ್‌ಬ್ಯಾಕ್‌ಗೆ ಉತ್ತರ ಅಟ್ಲಾಂಟಿಕ್‌ನಲ್ಲಿ 1955ರಿಂದ ರಕ್ಷಣೆ ಇದೆ, ಇವತ್ತು ಅಷ್ಟು ಕಾಣಸಿಗುವುದು ಅದರಿಂದಲೇ. ನಾನು ಅಲ್ಲಿನ ಮೀನುಗಾರರ ಜೊತೆ ಕೂತು ಉಂಡವನು, ಅವರ ಬದುಕನ್ನು ಗೌರವಿಸುತ್ತೇನೆ. ಆದರೂ ಜೀವಂತ ತಿಮಿಂಗಿಲ ನೋಡಲು ಬಂದವರು ಆ ತಟ್ಟೆಗೆ ದುಡ್ಡು ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಬೇಕಾದ ವೀಸಾ ಶೆಂಗೆನ್, ನಾರ್ವೆ, ಸ್ವೀಡನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ. ಪ್ರಯಾಣಕ್ಕೆ ಆರು ತಿಂಗಳಿಂದಲೇ ಅರ್ಜಿ ಹಾಕಬಹುದು, ನವೆಂಬರಿಗಾದರೆ ಆಗಸ್ಟಿನೊಳಗೆ ಮುಗಿಸಿ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ದೋಣಿ ಪಯಣಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಮಗಳ ಕಡೆಗೇ ಹೆಚ್ಚು ದಿನ ಇರುವುದಾದರೆ ಅರ್ಜಿ ಸ್ವೀಡನ್ನಿಗೆ ಹಾಕಬೇಕು, ನಾರ್ವೆಗಲ್ಲ.

ಹೊರಡುವ ಹದಿನೈದು ದಿನ ಮುಂಚೆ ಶೆರ್ವೋಯ್‌ನ ದೋಣಿಯವರಿಗೆ ಬರೆದು ಹೆರಿಂಗ್ ಬಂದಿದೆಯೇ ಎಂದು ಕೇಳಿ. ಅದು ಮತ್ತೆ ಜಾಗ ಬದಲಿಸಿದ್ದರೆ ನಿಮಗೆ ಇನ್ನೊಂದು ದಾರಿ ಇದೆ: ದಕ್ಷಿಣಕ್ಕೆ ಆಂಡೆನೆಸ್. ಅಲ್ಲಿ ದಡಕ್ಕೆ ಹತ್ತಿರವೇ ಕಡಲತಳ ಕಂದಕವಾಗಿ ಇಳಿಯುವುದರಿಂದ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ. ಎಲ್ಲವೂ ಗಂಡುಗಳೇ, ಹೆಣ್ಣುಗಳು ಮರಿಗಳೊಂದಿಗೆ ಬೆಚ್ಚನೆಯ ನೀರಿನಲ್ಲಿ ಉಳಿಯುತ್ತವೆ. ಆದರೆ ಆಂಡೆನೆಸ್ ತೆರೆದ ಕಡಲು. ಚಳಿಗಾಲದಲ್ಲಿ ರದ್ದಾಗುವ ದಿನ ಹೆಚ್ಚು, ನಿಮ್ಮ ಹೊಟ್ಟೆಗೂ ಕಷ್ಟ.

ಕೊನೆಗೊಂದು ಕೆಲಸವನ್ನು ನಿಮ್ಮ ಮಗಳಿಗೆ ವಹಿಸುತ್ತೇನೆ. ಹಂಪ್‌ಬ್ಯಾಕ್ ಆಳಕ್ಕೆ ಧುಮುಕುವ ಮುನ್ನ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಬಾಲವನ್ನು ನೀರಿನ ಮೇಲೆ ಎತ್ತುತ್ತದೆ. ಆ ಬಾಲದ ಅಡಿಯ ಕಪ್ಪುಬಿಳುಪು ಗುರುತು ನಮ್ಮ ಹೆಬ್ಬೆಟ್ಟಿನ ಗೆರೆಯಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ತಿಮಿಂಗಿಲದ ಹಿಂದಿನಿಂದ ಅದೊಂದು ಫೋಟೋ ನೆಟ್ಟಗೆ ತೆಗೆದು, ದಿನ ಮತ್ತು ಜಾಗ ಬರೆದು, ಹ್ಯಾಪಿವೇಲ್ ಎಂಬ ತಾಣಕ್ಕೆ ಹಾಕಲಿ. ಜನಸಾಮಾನ್ಯರು ಕಳಿಸಿದ ಇಂಥ ಚಿತ್ರಗಳನ್ನು ಹೋಲಿಸಿ ಯಾವ ತಿಮಿಂಗಿಲ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವರು ಗುರುತಿಸುತ್ತಾರೆ. ಕ್ವೆನಾಂಗೆನ್‌ನಲ್ಲಿ ಹೆರಿಂಗ್ ತಿಂದ ಹಂಪ್‌ಬ್ಯಾಕ್‌ಗಳಲ್ಲಿ ಹಲವು ಅಲ್ಲಿಂದ ಅಟ್ಲಾಂಟಿಕ್ ದಾಟಿ, ಎಂಟು ಸಾವಿರ ಕಿಲೋಮೀಟರ್ ಆಸುಪಾಸು ಈಜಿ, ಮರಿ ಹಾಕಲು ಕೆರಿಬಿಯನ್ ಸಮುದ್ರಕ್ಕೆ ಹೋಗುತ್ತವೆ. ನಮ್ಮ ಅರಬ್ಬೀ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳ ಒಂದು ಪುಟ್ಟ ಗುಂಪು ಉಳಿದುಕೊಂಡಿದೆ. ಅವು ಹೀಗೆ ವಲಸೆ ಹೋಗುವುದಿಲ್ಲ, ಇದೇ ನೀರಿನಲ್ಲೇ ಹುಟ್ಟಿ ಇಲ್ಲೇ ಬದುಕುತ್ತವೆ, ಅಳಿವಿನ ಅಂಚಿನಲ್ಲಿವೆ.

ನಾನು 2019ರಲ್ಲಿ ತೆಗೆದ ಒಂದು ಬಾಲದ ಚಿತ್ರಕ್ಕೆ ಎರಡು ವರ್ಷದ ಮೇಲೆ ಉತ್ತರ ಬಂತು: ಅದೇ ತಿಮಿಂಗಿಲ, ಕೆರಿಬಿಯನ್‌ನಲ್ಲಿ, ಪಕ್ಕದಲ್ಲೊಂದು ಮರಿ.